ಆರಾಮ ಅಂದ ಮೇಲೆ

ನಮ್ಮ ಕಡೆ ‘ಆರಾಮ’ ಅನ್ನುವ ಶಬ್ದದ ಹೊಟ್ಟೆ ಬಲು ದೊಡ್ಡದು. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಗಿರಮಿಟ್ ತಿನ್ನುತ್ತ ನಿಂತವನನ್ನು ಕೇಳಿ, ಧಾರವಾಡದ ಲೈನ್ ಬಜಾರಿನಲ್ಲಿ ಫೇಡೆ ಕಟ್ಟಿಸಿಕೊಳ್ಳುತ್ತಿರುವಾಕೆಯನ್ನು ಕೇಳಿ. “ಆರಾಮ ಅದೀರಿ?” ಅಂದರೆ “ಆರಾಮ್ರಿ” ಎಂದೇ ಉತ್ತರ. ಮಗಳ ಲಗ್ನ ಆಗಿರಲಿ, ಎರಡೆಕರೆ ಹೊಲ ಮಾರಿರಲಿ, ಹೋದ ವಾರವಷ್ಟೇ ಕಣ್ಣಿನ ಪೊರೆ ತೆಗೆಸಿಕೊಂಡು ಬಂದಿರಲಿ, ಎಲ್ಲವೂ ಆ ಮೂರಕ್ಷರದೊಳಗೆ ಮಡಚಿ ಕೂರುತ್ತವೆ. ಹಾಗಾಗಿ ಹತ್ತನೆಯ ಇಯತ್ತೆ ಮುಗಿಸಿ ನಲವತ್ತು ವರ್ಷವಾದ ಮೇಲೆ ಒಂದೇ ವರ್ಗದವರು ವಾಟ್ಸ್‌ಆ್ಯಪಿನಲ್ಲಿ ಕೂಡಿ, ಅಡ್ಮಿನ್ ಆದವನು “ಎಲ್ಲಾರೂ ತಮ್ಮ ತಮ್ಮ ಸುದ್ದಿ ಹಾಕ್ರಿ” ಎಂದು ಬರೆದರೆ, ಅರವತ್ತು ಮಂದಿಯಿಂದ ಅರವತ್ತು ‘ಆರಾಮ’ ಬಂದು ಬೀಳುತ್ತವೆ. ಹೆಬ್ಬೆರಳಿನ ಚಿತ್ರ ಹಾಕಿ ಸುಮ್ಮನಾದವರನ್ನು ಇದರಲ್ಲಿ ಲೆಕ್ಕ ಹಿಡಿದಿಲ್ಲ.

ಆದರೆ ಆರಾಮಗಳೆಲ್ಲ ಒಂದೇ ಅಲ್ಲ. ‘ಆರಾಮ ಅದೀನಲೇ’ ಅಂದವನು ನಿಜಕ್ಕೂ ಆರಾಮ ಇದ್ದಾನೆ. ಆ ‘ಲೇ’ ಸುಳ್ಳು ಹೇಳುವುದಿಲ್ಲ. ‘ಆರಾಮ್ರಿ’ ಅಂದವನು ಎದುರಿಗಿರುವವನ ಮುಖ ಇನ್ನೂ ನೆನಪಿಸಿಕೊಳ್ಳುತ್ತಿದ್ದಾನೆ. ‘ನಡದೈತಿ’ ಅಂದರೆ ರೊಕ್ಕದ ಅಡಚಣೆ. ‘ಹಂಗs ನಡದೈತಿ’ ಅಂದರೆ ಮನೆಯಲ್ಲಿ ಯಾರೋ ಹಾಸಿಗೆ ಹಿಡಿದಿದ್ದಾರೆ. ‘ದೇವರು ಇಟ್ಟಂಗ’ ಎಂದು ಬಂದರೆ ಗುಂಪಿನಲ್ಲಿ ಮತ್ತೇನೂ ಕೇಳಬಾರದು, ರಾತ್ರಿ ಒಬ್ಬರೇ ಫೋನ್ ಹಚ್ಚಬೇಕು.

ಇರಲಿ, ಸುದ್ದಿಗಿಂತ ಮೊದಲು ಮಂದಿ ಸಿಗಬೇಕಲ್ಲ. ಗಂಡಸರನ್ನು ಹುಡುಕುವುದು ಸಲೀಸು. ಅವರ ಅಡ್ಡಹೆಸರು, ಅಂದರೆ ಮನೆತನದ ಹೆಸರು, ಬದಲಾಗುವುದಿಲ್ಲ, ಹೆಚ್ಚಿನವರು ಊರೂ ಬಿಟ್ಟಿರುವುದಿಲ್ಲ. ತೊಡಕು ಒಂದೇ: ಒಂದು ವರ್ಗದಲ್ಲಿ ಮೂವರು ಪಾಟೀಲರು, ಇಬ್ಬರು ಹಿರೇಮಠರು, ನಾಲ್ವರು ಬಡಿಗೇರರು ಇರುತ್ತಾರೆ. ಸಾಲಿಯಲ್ಲಿ ಮಾಸ್ತರರು ಇದನ್ನು ಊರಿನ ಹೆಸರು ಹಚ್ಚಿ ಬಗೆಹರಿಸುತ್ತಿದ್ದರು. ಹುಡುಗರು ಇನ್ನಷ್ಟು ಚುರುಕಾಗಿ, ಕುಂಟ, ಕರಿಯ, ಬುಡ್ಡ ಎಂದು ಬಗೆಹರಿಸುತ್ತಿದ್ದರು. ಈಗ ಆ ಬುಡ್ಡ ನಿವೃತ್ತ ತಹಶೀಲ್ದಾರ. ಅವನ ಹೆಂಡತಿ ಹೆಗಲ ಮೇಲಿನಿಂದ ಮೊಬೈಲು ಓದುತ್ತಾಳೆ. ಅಡ್ಡಹೆಸರಿನ ಮುಂದೆ ಊರು ಬರೆದುಕೊಳ್ಳುವುದೇ ಮೇಲು.

ಹೆಣ್ಣುಮಕ್ಕಳನ್ನು ಹುಡುಕುವುದು ಬೇರೆಯದೇ ವಿದ್ಯೆ. ಸಾಲಿಯ ರಜಿಸ್ಟರಿನಲ್ಲಿ ಆಕೆಯ ಹೆಸರು, ತಂದೆಯ ಹೆಸರು, ತವರಿನ ಅಡ್ಡಹೆಸರು ಇರುತ್ತವೆ. ಲಗ್ನವಾದ ಮೇಲೆ ನಡುವಿನದೂ ಕೊನೆಯದೂ ಎರಡೂ ಹೋಗುತ್ತವೆ. ಕೆಲವು ಮನೆತನಗಳಲ್ಲಿ ಅಕ್ಕಿಯ ತಾಟಿನಲ್ಲಿ ಹೊಸ ಹೆಸರು ಬರೆದು ಮೊದಲಿನದನ್ನೂ ಬದಲಿಸುತ್ತಾರೆ. ಆಮೇಲೆ ಫೇಸ್‌ಬುಕ್ಕಿನಲ್ಲಿ ಎಷ್ಟು ತಡಕಾಡಿದರೂ ಅಷ್ಟೇ, ಹಳೆಯ ಹೆಸರಿನ ಒಂದಕ್ಷರವೂ ಸಿಗದು. ಸಿಗುವ ದಾರಿ ತವರುಮನೆಯ ಓಣಿಯಲ್ಲಿದೆ. ಅಣ್ಣನೋ ತಮ್ಮನೋ ಇನ್ನೂ ಅಲ್ಲೇ ಇರುತ್ತಾನೆ, ಇಲ್ಲವೆಂದರೆ ಮೂಲೆಯ ಕಿರಾಣಿ ಅಂಗಡಿಯವನಿಗೆ ಗೊತ್ತಿರುತ್ತದೆ. ಅದಕ್ಕೂ ಒಂದು ಹಂಗಾಮು ಉಂಟು. ಶ್ರಾವಣದ ನಾಗರಪಂಚಮಿಗೆ ನಮ್ಮ ಕಡೆಯ ಹೆಣ್ಣುಮಕ್ಕಳು ಉಂಡಿ, ಜೋಕಾಲಿಯ ನೆಪದಲ್ಲಿ ತವರಿಗೆ ಬರುತ್ತಾರೆ. ಆರು ತಿಂಗಳು ಸಿಗದವರು ಆ ನಾಲ್ಕು ದಿನದಲ್ಲಿ ಸಿಗುತ್ತಾರೆ. ನಂಬರು ಕೈಗೆ ಬಂತೆಂದು ನೇರ ಗುಂಪಿಗೆ ಸೇರಿಸಿಬಿಡಬಾರದು. ಸೇರಿದ ಗಳಿಗೆಯಿಂದ ಆ ನಂಬರು ಅರವತ್ತು ಮಂದಿಗೆ ಕಾಣುತ್ತದೆ, ಮರುದಿನ ಬೆಳಗಿನಿಂದ ಗುಲಾಬಿ ಹೂವಿನ ಶುಭೋದಯಗಳು ಖಾಸಗಿಯಾಗಿಯೂ ಬರತೊಡಗುತ್ತವೆ. ಮೊದಲು ಇನ್ನೊಬ್ಬ ಗೆಳತಿಯಿಂದ ಫೋನ್ ಮಾಡಿಸಿ, ಒಪ್ಪಿಗೆ ಕೇಳಿ, ಆಮೇಲೆ ಸೇರಿಸಬೇಕು.

ಪಟ್ಟಿ ಕೂಡಿಸುವಾಗ ಇನ್ನೊಂದು ಮೋಜು ಎದುರಾಗುತ್ತದೆ. ಹುಟ್ಟಿದ ದಿನ ಬರೆಯಿರಿ ಎಂದರೆ ವರ್ಗದ ಅರ್ಧ ಮಂದಿ ಜೂನ್ 1 ಎಂದು ಬರೆಯುತ್ತಾರೆ. ಇದು ಗ್ರಹಗಳ ಮಾಟವಲ್ಲ. ಸಾಲಿ ಶುರುವಾಗುತ್ತಿದ್ದುದು ಜೂನಿನಲ್ಲಿ; ಕೈಹಿಡಿದು ಕರೆತಂದ ಅಪ್ಪನಿಗೆ ಗೊತ್ತಿದ್ದುದು ‘ದೊಡ್ಡ ಮಳಿ ಆದ ವರ್ಷ ಹುಟ್ಯಾನ್ರಿ’ ಎಂಬುದಷ್ಟೇ; ಮಾಸ್ತರರು ವಯಸ್ಸು ಸರಿಹೊಂದುವಂತೆ ಜೂನ್ 1 ಎಂದು ಬರೆದು ಹಾಳೆ ತಿರುವಿದರು. ಆ ಒಂದು ಗೀಟು ನೌಕರಿಯ ಕೊನೆಯವರೆಗೂ ಬೆನ್ನು ಹತ್ತುತ್ತದೆ. ರಾಜ್ಯ ಸರ್ಕಾರಿ ನೌಕರರು 60 ತುಂಬಿದ ತಿಂಗಳಿನ ಕೊನೆಯ ದಿನ ನಿವೃತ್ತರಾಗುತ್ತಾರೆ. ಒಂದನೇ ತಾರೀಖು ಹುಟ್ಟಿದವರು ಮಾತ್ರ ಹಿಂದಿನ ತಿಂಗಳ ಕೊನೆಯ ದಿನವೇ ಮನೆಗೆ. 1965ರ ಜೂನ್ 1 ಎಂದು ಬರೆಸಿಕೊಂಡು 1981ರಲ್ಲಿ ಹತ್ತನೆಯದು ಮುಗಿಸಿದವರಲ್ಲಿ ಸರ್ಕಾರಿ ನೌಕರಿ ಹಿಡಿದವರೆಲ್ಲ 2025ರ ಮೇ 31ರ ಸಂಜೆ ಒಟ್ಟಿಗೇ ಹಾರ ಹಾಕಿಸಿಕೊಂಡರು. ಅಂದು ಗುಂಪಿನಲ್ಲಿ ಶಾಲು ಹೊದ್ದ ಫೋಟೋಗಳ ಸುರಿಮಳೆ, ಮಾರನೆಯ ಬೆಳಿಗ್ಗೆ ಅದೇ ಮಂದಿಗೆ ಹುಟ್ಟುಹಬ್ಬದ ಕೇಕಿನ ಚಿತ್ರಗಳ ಸುರಿಮಳೆ. ನಿಜವಾದ ಹುಟ್ಟಿದ ದಿನ ತಾಯಿಗೆ ಮಾತ್ರ ಗೊತ್ತಿತ್ತು. ಅವಳೂ ತಿಥಿ ಹೇಳುತ್ತಿದ್ದಳೇ ಹೊರತು ತಾರೀಖನ್ನಲ್ಲ.

ಊರಿನ ಕಲಮಿನಲ್ಲಿಯೂ ಗೊಂದಲ. ಹಳೆಯ ಸರ್ಟಿಫಿಕೇಟಿನಲ್ಲಿ ರಾಣೇಬೆನ್ನೂರು, ರೋಣ, ಮುಂಡರಗಿ, ಹಿರೇಕೆರೂರು ಎಲ್ಲವೂ ‘ಜಿ. ಧಾರವಾಡ’. 1997ರಲ್ಲಿ ಗದಗ, ಹಾವೇರಿ ಬೇರೆ ಜಿಲ್ಲೆಗಳಾದವು. ಹೀಗಾಗಿ ‘ನಮ್ಮ ಜಿಲ್ಲಾದವರು’ ಅಂದರೆ ಯಾರು ಎಂಬುದು ಆ ವಯಸ್ಸಿನವರಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ಈಗ ಸುದ್ದಿ ಬರೆಯುವ ಮಾತು. ಗುಂಪಿನ ಮೊದಲನೆಯ ಬರಹವೇ ಉಳಿದ ಐವತ್ತೊಂಬತ್ತಕ್ಕೆ ಅಳತೆಗೋಲು. ಮಗ ಕ್ಯಾಲಿಫೋರ್ನಿಯಾದಲ್ಲಿ, ಮಗಳು ಸಿಡ್ನಿಯಲ್ಲಿ, ತಾನು ಬೆಂಗಳೂರಿನಲ್ಲಿ ಎರಡು ಮನೆ ಕಟ್ಟಿಸಿ ಕೈಲಾಸ ಮಾನಸ ಸರೋವರ ಮುಗಿಸಿ ಬಂದವನು ಮೊದಲು ಬರೆದನೋ, ಆಟ ಮುಗಿಯಿತು. ನವಲಗುಂದದ ಹತ್ತಿರ ಕಡಲೆ ಬಿತ್ತಿ ಮಳೆಯ ದಾರಿ ನೋಡುತ್ತಿರುವವನು, ಹತ್ತನೆಯದರಲ್ಲಿ ಗಣಿತ ಬಿಟ್ಟು ಗ್ಯಾರೇಜು ಸೇರಿದವನು, ಗಂಡ ತೀರಿಕೊಂಡು ತವರಿಗೆ ಮರಳಿದವಳು, ಎಲ್ಲರೂ ‘ಆರಾಮ’ ಎಂದು ಬರೆದು ಬಾಗಿಲು ಮುಂದೆ ಮಾಡಿಕೊಳ್ಳುತ್ತಾರೆ. ಬುದ್ಧಿವಂತ ಅಡ್ಮಿನ್ ಮೊದಲೇ ಇಬ್ಬರಿಗೆ ಫೋನ್ ಮಾಡಿ ಗುರುತು ಮಾಡಿಟ್ಟಿರುತ್ತಾನೆ. ವರ್ಗದಲ್ಲಿ ಎಲ್ಲರಿಗೂ ಬೇಕಾದವನು, ಜೀವನದಲ್ಲಿ ಏರಿಯೂ ಇಳಿದೂ ಬಂದವನು, ಅದನ್ನು ನಗುತ್ತ ಹೇಳಬಲ್ಲವನು, ಅವನೇ ಮೊದಲು ಬರೆಯಬೇಕು. ‘ಕಿರಾಣಿ ಅಂಗಡಿ ಇಟ್ಟೆ, ಮುಳುಗಿತು. ಈಗ ಅಳಿಯನ ಟೇಲರಿಂಗ್ ಅಂಗಡಿಯಲ್ಲಿ ಗುಂಡಿ ಹಚ್ಚತೀನಿ. ಸಕ್ಕರಿ ಐತಿ, ಫೇಡೆ ಬಿಟ್ಟಿಲ್ಲ’ ಎಂಬಂಥ ಮೂರು ಸಾಲು ಸಾಕು. ಅದರ ಹಿಂದೆ ಹತ್ತು ಸಾಚಾ ಸುದ್ದಿಗಳು ಬರುತ್ತವೆ.

‘ಪರಿಚಯ ಹಾಕ್ರಿ’ ಎಂದು ಕೇಳುವುದೂ ತಪ್ಪು. ಪರಿಚಯ ಅಂದಕೂಡಲೇ ಮನುಷ್ಯ ಹುದ್ದೆ ಬರೆಯುತ್ತಾನೆ, ಹುದ್ದೆ ಮುಗಿದಿದ್ದರೆ ಮಕ್ಕಳ ಹುದ್ದೆ ಬರೆಯುತ್ತಾನೆ. ಬೇರೆ ಥರ ಕೇಳಬೇಕು: ಈಗ ಮುಂಜಾನೆ ಎದ್ದು ಮೊದಲು ಏನು ಮಾಡತೀರಿ? ಮನೆಯಲ್ಲಿ ಎಷ್ಟು ಮಂದಿ ಊಟಕ್ಕೆ ಕೂಡತೀರಿ? ಸಾಲಿಯ ಯಾವ ಮಾಸ್ತರರ ಏಟು ಇನ್ನೂ ನೆನಪೈತಿ? ಎರಡನೆಯ ಪ್ರಶ್ನೆಗೆ ‘ಇಬ್ಬರೇ’ ಎಂದು ಬಂದ ಉತ್ತರದಲ್ಲಿ ಕ್ಯಾಲಿಫೋರ್ನಿಯಾ, ಸಿಡ್ನಿ ಎಲ್ಲ ತಾವಾಗಿಯೇ ಬಂದುಬಿಡುತ್ತವೆ, ಜಂಬವಿಲ್ಲದೆ.

ಬರೆಯಲು ಬೆರಳು ಬಾರದವರು ಬಾಯಿಂದ ಹೇಳಿ ಅಕ್ಷರ ಮಾಡಿಸುತ್ತಾರೆ. ಮೊಬೈಲಿಗೆ ನಮ್ಮ ಧಾಟಿ ಪಚನವಾಗುವುದಿಲ್ಲ. ‘ಹೋಗಿದ್ನಿ, ಬಂದ್ನಿ’ ಅಂದರೆ ಅದು ತನಗೆ ಗೊತ್ತಿರುವ ಯಾವುದೋ ಶಬ್ದ ಹಾಕಿಬಿಡುತ್ತದೆ, ಓದುವವರು ಒಗಟು ಬಿಡಿಸುತ್ತ ಕೂಡುತ್ತಾರೆ. ಅದಕ್ಕಿಂತ ಒಂದು ನಿಮಿಷದ ಧ್ವನಿ ಸಂದೇಶ ವಾಸಿ. ಒಂದೇ ನಿಮಿಷ. ಐದು ನಿಮಿಷದ್ದನ್ನು ಯಾರೂ ಪೂರ್ತಿ ಕೇಳುವುದಿಲ್ಲ, ಕೇಳಿದೆ ಎಂದು ಹೂವು ಮಾತ್ರ ಹಾಕುತ್ತಾರೆ. ಹೂವಿನ ಈ ಚಟ ಒಂದೊಂದು ಸಲ ಅನಾಹುತಕ್ಕೆ ಎಳೆಯುತ್ತದೆ: ಮೇಲಿನದನ್ನು ಓದದೆ ನಿಧನದ ಸುದ್ದಿಯ ಕೆಳಗೆ ‘ಅಭಿನಂದನೆಗಳು’ ಎಂದು ಹಾಕಿದವರು ಪ್ರತಿ ಗುಂಪಿನಲ್ಲಿ ಒಬ್ಬರಾದರೂ ಇದ್ದಾರೆ. ಎಲ್ಲರ ಮೊಬೈಲಿನಿಂದ ಅಳಿಸಲು ಎರಡು ದಿನದ ಮೇಲೊಂದಿಷ್ಟು ಹೊತ್ತಿನವರೆಗೆ ಅವಕಾಶವಿದೆ. ಅಷ್ಟರಲ್ಲಿ ಮೊಮ್ಮಗ ಮನೆಗೆ ಬಂದಿರಬೇಕು.

ತೀರಿಕೊಂಡವರ ಸಂಗತಿ ಇನ್ನೂ ಸೂಕ್ಷ್ಮ. 120 ದಿನ ಬಳಕೆಯಿಲ್ಲದ ಖಾತೆಯನ್ನು ವಾಟ್ಸ್‌ಆ್ಯಪ್ ಸಾಮಾನ್ಯವಾಗಿ ತೆಗೆದುಹಾಕುತ್ತದೆ. ಹೋಗಿ ನಾಲ್ಕು ತಿಂಗಳಾದವನ ಹೆಸರು ಒಂದು ದಿನ ಗುಂಪಿನ ಪಟ್ಟಿಯಿಂದ ತಾನಾಗಿಯೇ ಮಾಯವಾಗಿ, ಆಗಲೇ ಅತ್ತು ಮುಗಿಸಿದವರನ್ನು ಮತ್ತೊಮ್ಮೆ ಅಲುಗಿಸುತ್ತದೆ. ಮುಂದೆ ಕಂಪನಿಯು ಆ ನಂಬರನ್ನು ಬೇರೆಯವರಿಗೆ ಕೊಡಬಹುದು; ವರ್ಷದ ಪುಣ್ಯತಿಥಿಗೆ ಕಳಿಸಿದ ಸಂದೇಶಕ್ಕೆ ಗುರುತಿಲ್ಲದ ಹುಡುಗನೊಬ್ಬ ‘ಯಾರ್ರಿ?’ ಎಂದು ಕೇಳುತ್ತಾನೆ. ಅಡ್ಮಿನ್ ಆದವನು ಹದಿಮೂರು ದಿನವಾದ ಮೇಲೆ ಮನೆಯವರನ್ನು ಕೇಳಿ ತಾನೇ ಹೆಸರು ತೆಗೆದು, ಬೇಕಿದ್ದರೆ ಮಗನ ನಂಬರು ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಸುದ್ದಿಗಳೆಲ್ಲ ಸುತ್ತಿ ಬಂದು ನಿಲ್ಲುವುದು ಸಕ್ಕರೆಯ ಹತ್ತಿರ. ಒಂದು ಕಾಲಕ್ಕೆ 35 ಬಂದರೆ ಪಾಸು, ಹೆಚ್ಚು ಬಂದಷ್ಟೂ ಜಂಬ. ಈಗ ಲೆಕ್ಕ ತಿರುಗಾಮುರುಗಾ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 6.5ಕ್ಕಿಂತ ಕೆಳಗೆ ಬಂದವನು ಶಾಣ್ಯಾ, 9 ಬಂದವನು ಹಿಂದಿನ ಬೆಂಚು. ಅಂದು ರ‍್ಯಾಂಕಿನ ಆಸುಪಾಸಿನಲ್ಲಿದ್ದವನಿಗೆ ಇಂದು 9 ಬಂದಿದೆ ಎಂದು ಗೊತ್ತಾದಾಗ ಹಿಂದಿನ ಬೆಂಚಿನವರಿಗೆ ಆಗುವ ಸಮಾಧಾನವನ್ನು ಅವರು ಬರೆಯುವುದಿಲ್ಲ. ಬರೆಯುವುದು ‘ಕಾಳಜಿ ತಗೋರಿ’ ಎಂದಷ್ಟೇ.

ಕೊನೆಗೆ ಒಮ್ಮೆ ಎಲ್ಲರೂ ಕೂಡಬೇಕು ಎಂದಾಗುತ್ತದೆ. ಹುಬ್ಬಳ್ಳಿಯೇ ಅನುಕೂಲ. ಧಾರವಾಡದಿಂದ 20 ಕಿಲೋಮೀಟರು, ಚಿಗರಿ ಬಸ್ಸಿದೆ. ಗದಗಿನಿಂದ, ಹಾವೇರಿಯಿಂದ ಮುಂಜಾನೆ ಹೊರಟು ಸಂಜೆ ತಿರುಗಿ ಹೋಗಬಹುದು. 2023ರ ಜೂನಿನಿಂದ ಸಾದಾ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೀಟಿಲ್ಲದ್ದರಿಂದ ‘ಬರಲಿಕ್ಕೆ ಆಗೂದಿಲ್ರಿ’ ಎಂಬುದಕ್ಕೆ ಒಂದು ನೆಪ ಕಡಿಮೆಯಾಗಿದೆ. ಲಗ್ನದ ಮುಹೂರ್ತವಿರುವ ರವಿವಾರ ಬೇಡ. ಮಂದಿಯೂ ಸಿಗುವುದಿಲ್ಲ, ಅಡಿಗೆಯವರೂ ಸಿಗುವುದಿಲ್ಲ. ಹಳೆಯ ಸಾಲಿಯಲ್ಲೇ ಮಾಡುವುದಾದರೆ ಮುಖ್ಯೋಪಾಧ್ಯಾಯರ ಒಪ್ಪಿಗೆ ಪತ್ರ, ಕೆಳಗಿನ ಅಂತಸ್ತಿನ ಕೋಣೆ, ಮಾಸ್ತರರಿಗೆ ಕೈಯಿರುವ ಕುರ್ಚಿ, ಇಷ್ಟು ಖಾತ್ರಿ ಮಾಡಿಕೊಳ್ಳಬೇಕು. ಎಂಬತ್ತು ದಾಟಿದವರು ಕೈಯಿಲ್ಲದ ಪ್ಲಾಸ್ಟಿಕ್ ಕುರ್ಚಿಯಿಂದ ಏಳಲಾರರು. ಹಾವೇರಿಯಿಂದ ಬರುವವರಿಗೆ ಹೇಳಿದರೆ ಏಲಕ್ಕಿ ಹಾರ ತರುತ್ತಾರೆ. ಹೂವಿನ ಹಾರ ಸಂಜೆಗೆ ಬಾಡುತ್ತದೆ, ಏಲಕ್ಕಿಯದು ಕಲಿಸಿದ ಅಕ್ಕೋರ ಮನೆಯ ಗೋಡೆಯ ಮೇಲೆ ವರ್ಷಗಟ್ಟಲೆ ಇರುತ್ತದೆ. ಎದೆಗೆ ಹಚ್ಚುವ ಚೀಟಿಯಲ್ಲಿ ಸಾಲಿಯಲ್ಲಿದ್ದಾಗಿನ ಹೆಸರು, ಹೆಬ್ಬೆರಳು ದಪ್ಪದ ಅಕ್ಷರದಲ್ಲಿ. “ಸರ, ನಾ ಯಾರ ಹೇಳ್ರಿ ನೋಡೋಣು?” ಎಂದು ಕೇಳುವವರನ್ನು ಬಾಗಿಲಲ್ಲೇ ತಡೆಯಬೇಕು. ಮಾಸ್ತರರು ಇಡೀ ಜನ್ಮ ಪರೀಕ್ಷೆ ಮಾಡಿದವರು, ಈ ವಯಸ್ಸಿನಲ್ಲಿ ಅವರನ್ನು ಪರೀಕ್ಷೆಗೆ ಕೂಡಿಸಬಾರದು.

ಕೆಡುವುದು ಮಾತಿನ ಗಂಟೆಯಲ್ಲಿ. ಅರವತ್ತು ಮಂದಿಗೆ ತಲಾ ಮೂರು ನಿಮಿಷ ಅಂದರೆ ಮೂರು ತಾಸು. ಮೈಕು ಹಿಡಿದ ಮನುಷ್ಯ ಮೂರು ನಿಮಿಷಕ್ಕೆ ಬಿಟ್ಟಿದ್ದನ್ನು ಕಂಡವರಿಲ್ಲ. ಒಂದೂವರೆಗೆ ಊಟವಾಗಬೇಕಾದ್ದು ಮೂರೂವರೆಗೆ ಹೋಗುತ್ತದೆ, ಬೆಳಿಗ್ಗೆ ಸಕ್ಕರೆಯ ಗುಳಿಗೆ ನುಂಗಿ ಬಂದವರು ಕೈ ನಡುಗಿ ಬೆವರುತ್ತಾರೆ. ಮೈಕು ಮಾಸ್ತರರಿಗಷ್ಟೇ ಇಟ್ಟು, ಉಳಿದವರನ್ನು ಹತ್ತತ್ತು ಮಂದಿಯಂತೆ ಗಿಡದ ಕೆಳಗೆ ಕೂಡಿಸಿದರೆ ಸಾಕು. ಸುದ್ದಿ ತಾನೇ ಹರಿಯುತ್ತದೆ. ಊಟಕ್ಕೆ ಜೋಳದ ರೊಟ್ಟಿ ತಲಾ ಎರಡು, ಮೇಲೆ ಕಾಲು ಭಾಗ, ಒಟ್ಟು 150. ಖಾನಾವಳಿಯವರಿಗೆ ಹಿಂದಿನ ದಿನವೇ ಹೇಳಬೇಕು. ಕಡಕ್ ರೊಟ್ಟಿ 30 ಸಾಕು. ಹಲ್ಲಿನ ಸೆಟ್ಟು ಹಾಕಿಸಿದವರು ಎಷ್ಟು ಮಂದಿ ಎಂಬ ಸುದ್ದಿ ಗುಂಪಿನಲ್ಲಿ ಬಂದಿರುವುದಿಲ್ಲ, ತಾಟಿನಲ್ಲಿ ಗೊತ್ತಾಗುತ್ತದೆ. ಎಣ್ಣೆಗಾಯಿ ಬದನೆ, ಹೆಸರುಕಾಳು ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು, ತಲಾ ಒಂದು ಶೇಂಗಾ ಹೋಳಿಗೆ. ಹೋಳಿಗೆ ಎಲ್ಲರೂ ಬೇಡವೆನ್ನುತ್ತಾರೆ, ಒಂದೂ ಉಳಿಯುವುದಿಲ್ಲ.

ತಲಾ ಸಾವಿರದಂತೆ ಕೂಡಿಸಿದ ರೊಕ್ಕದಲ್ಲಿ ಎಲ್ಲ ಕಳೆದು ಸಾವಿರ, ಎರಡು ಸಾವಿರ ಉಳಿಯುವಂತೆ ನೋಡಿಕೊಳ್ಳುವವನೇ ಒಳ್ಳೆಯ ಖಜಾಂಚಿ. ಸೊನ್ನೆಗೆ ಮುಟ್ಟಿಸಿದರೆ ಮಾರನೆಯ ದಿನದಿಂದ ಗುಂಪು ಮತ್ತೆ ಶುಭೋದಯಕ್ಕೆ ಇಳಿಯುತ್ತದೆ. ಸ್ವಲ್ಪ ಉಳಿದಿದ್ದರೆ ಅದನ್ನೇನು ಮಾಡಬೇಕೆಂಬ ಜಗಳ ಮೂರು ತಿಂಗಳು ನಡೆಯುತ್ತದೆ. ಸಾಲಿಗೆ ಗಡಿಯಾರ ಎಂದು ಒಬ್ಬ, ಮುಂದಿನ ಸಲಕ್ಕೆ ಎಂದು ಇನ್ನೊಬ್ಬ. ಆ ಗದ್ದಲದ ನಡುವೆ, ರೊಕ್ಕ ಕಳಿಸಿಯೂ ಬಾರದಿದ್ದ ಒಬ್ಬಳ ಸಾಲು ಬರುತ್ತದೆ: “ನನ್ನ ಪಾಲಿಂದು ಹಂಗs ಇಟಗೋರಿ. ಮುಂದಿನ ಸಲ ಬರತೀನಿ. ಈ ಸಲ ಆರಾಮ ಇರಲಿಲ್ಲ.”

ಗಡಿಯಾರದ ಮಾತು ಅಲ್ಲಿಗೇ ನಿಲ್ಲುತ್ತದೆ. ರಾತ್ರಿ ಎಂಟಕ್ಕೆ ಆಕೆಯ ಫೋನು ಬಿಡುವಾಗಿ ಸಿಗುವುದಿಲ್ಲ.