ಗುಂಡಿ ಸಿಕ್ತು!

ನಿನ್ನೆ ರಾತ್ರಿ ಬೆನ್ನಿನ ಚೀಲವನ್ನು ನೆಲದ ಮೇಲೆ ಸುರಿದುಕೊಂಡು ಕೂತೆ. ಒಟ್ಟು 43 ಕಾಗದದ ಪೊಟ್ಟಣ, ಒಳಗೆ ಮೊನ್ನೆ ಬೆಟ್ಟದಲ್ಲಿ ಕಿತ್ತು ತಂದ ಪಾಚಿ. ಅದರಲ್ಲಿ 17ರ ಮೇಲೆ ಅಕ್ಷರವೇ ಇಲ್ಲ, ಬರೀ ನೀಲಿ ಮೋಡ. ಒಂದರ ಮೇಲೆ ಮಾತ್ರ ‘ಕಲ್ಲಿನ’ ಅಂತ ಓದೋಕೆ ಬರುತ್ತೆ. ಕಲ್ಲಿನ ಏನು? ಮೇಲಾ, ಕೆಳಗಾ, ಸಂದಿಯಲ್ಲಾ? ಬೆಟ್ಟದಲ್ಲಿ ಇರೋದೇ ಕಲ್ಲು ಮಾರಾಯ್ರೇ.

ಮಳೆ ಬೀಳೋ ಬೆಟ್ಟದಲ್ಲಿ ಪೊಟ್ಟಣದ ಮೇಲೆ ಪೆನ್ಸಿಲ್‌ನಲ್ಲೇ ಬರೆಯಬೇಕು. ಈ ಕೆಲಸಕ್ಕೆ ಬಂದ ಮೊದಲ ದಿನವೇ ಹೇಳಿಕೊಡೋ ಪಾಠ ಅದು. ನನಗೂ ಗೊತ್ತು. ಆದರೆ ನನ್ನ ಪೆನ್ಸಿಲ್ ಬೆಳಗ್ಗೆ ಎಂಟಕ್ಕೆ ಸರ್ ಕಿವಿ ಸಂದಿ ಸೇರಿದ್ದು ಸಂಜೆವರೆಗೂ ಅಲ್ಲೇ ಇತ್ತು. ಕೇಳಿದ್ದಕ್ಕೆ ಜೇಬಿನಿಂದ ಜೆಲ್ ಪೆನ್ ತೆಗೆದು ಕೊಟ್ಟು, "ತಗೋಮ್ಮಾ, ಇದು ಚೆನ್ನಾಗಿ ಬರೆಯುತ್ತೆ" ಅಂದರು. ಬರೆಯಿತು, ಸುಳ್ಳು ಹೇಳಬಾರದು. ಉಳಿಯಲಿಲ್ಲ ಅಷ್ಟೇ.

ಸರ್ ಅಂದರೆ ನಮ್ಮ ಸರ್ವೆಯ ಹಿರಿಯರು. ನಿವೃತ್ತರಾಗಿ ಎಷ್ಟೋ ವರ್ಷ ಆಯಿತು, ಆದರೂ ಬೆಟ್ಟ ಬಿಟ್ಟಿಲ್ಲ. ನಾವು ಹುಡುಕೋದು ಪಾಚಿ. ಹಾಗಂದ ತಕ್ಷಣ ಮನೆಯಲ್ಲಿ ಎಲ್ಲರೂ ಕೇಳೋದು ಒಂದೇ ಪ್ರಶ್ನೆ: "ಅದಕ್ಕೆ ಬೆಟ್ಟ ಯಾಕೆ ಹತ್ತಬೇಕು? ಬಚ್ಚಲಲ್ಲೇ ಇದೆಯಲ್ಲ, ಉಜ್ಜಿ ಹಾಕು, ಎರಡೂ ಕೆಲಸ ಆಗುತ್ತೆ." ತಪ್ಪು ಅವರದ್ದಲ್ಲ. ಕೆರೆ ನೀರಿನ ಹಸಿರೂ ನಮಗೆ ಪಾಚಿ, ಕಾಲು ಜಾರಿಸೋದೂ ಪಾಚಿ, ಕಲ್ಲಿನ ಮೇಲಿನ ಮೆತ್ತನೆ ಮಾಸ್ ಕೂಡ ಪಾಚಿ. ಪಠ್ಯಪುಸ್ತಕದವರು ‘ಹಾವಸೆ ಸಸ್ಯ’ ಅಂತ ಬೇರೆ ಹೆಸರು ಕೊಟ್ಟರು. ಪರೀಕ್ಷೆ ಮುಗಿದ ಮೇಲೆ ಅದನ್ನು ಯಾರೂ ಬಾಯಿಬಿಟ್ಟು ಹೇಳಿದ್ದು ನಾನು ಕೇಳಿಲ್ಲ. ಮಾಸ್, ಅದರ ನೆಂಟರಾದ ಲಿವರ್‌ವರ್ಟ್, ಹಾರ್ನ್‌ವರ್ಟ್ ಮೂರೂ ಸೇರಿ ಪ್ರಪಂಚದಲ್ಲಿ ಸುಮಾರು 20,000 ಜಾತಿ ಇವೆ ಅಂತ ವಿವರಿಸಲು ಹೋದರೆ, "ಅಯ್ಯೋ ಅಷ್ಟೊಂದು ಪಾಚಿನಾ, ಜಾರಿ ಬೀಳಬೇಡ" ಅಂತ ಉಪದೇಶ ಸಿಗುತ್ತೆ.

ಜಾರಿ ಬೀಳುವಷ್ಟು ವೇಗದಲ್ಲಿ ನಾವು ನಡೆದರೆ ತಾನೇ? ಮೊನ್ನೆ ಐದು ಗಂಟೆಯಲ್ಲಿ ಕ್ರಮಿಸಿದ ದೂರ ಹೆಚ್ಚೆಂದರೆ 300 ಮೀಟರ್. ನಮ್ಮನ್ನು ಹಿಂದೆ ಹಾಕಿ ಹೋದ ಬಸವನಹುಳವೂ ಇದೆ. ತಮಾಷೆಗೆ ಹೇಳ್ತಿಲ್ಲ, ಕಣ್ಣಾರೆ ನೋಡಿದೆ. ಪ್ರತಿ ಕಲ್ಲಿನ ಹತ್ತಿರವೂ ಸರ್ ನಿಲ್ಲುತ್ತಾರೆ. "ಇದೊಂದು ಕಲ್ಲು ನೋಡಿಬಿಡೋಣ" ಅನ್ನುತ್ತಾರೆ. ಆ ‘ಒಂದು’ ಅನ್ನೋದಕ್ಕೆ ಅವರ ಲೆಕ್ಕದಲ್ಲಿ ಮಿತಿ ಇಲ್ಲ.

ಇನ್ನು ಅವರ ಎಂಜಲಿನ ವಿಷಯ. ಹೇಳಬಾರದು ಅಂದುಕೊಂಡಿದ್ದೆ. 17 ಪೊಟ್ಟಣ ಹಾಳಾದ ಮೇಲೆ ಯಾವ ದಾಕ್ಷಿಣ್ಯ?

ಮಾಸ್ ಒಣಗಿದಾಗ ಎಲೆಗಳನ್ನು ಮುದುರಿಕೊಂಡು ಕಂದು ನೂಲಿನ ಉಂಡೆಯ ಹಾಗೆ ಕೂತಿರುತ್ತೆ. ಯಾವ ಜಾತಿ ಅಂತ ನೋಡಬೇಕಾದರೆ ಒದ್ದೆ ಮಾಡಬೇಕು. ಅದಕ್ಕೇ ಅಂತ ನಾನು ಪುಟ್ಟ ಸ್ಪ್ರೇ ಬಾಟಲಿ ಇಟ್ಟುಕೊಂಡಿದ್ದೇನೆ, ಅದೂ ಸೊಂಟದಲ್ಲೇ, ಕೈಗೆ ಸಿಗೋ ಹಾಗೆ. ಸರ್ ಒಂದು ಎಳೆ ಕಿತ್ತರು, ನಾಲಿಗೆ ತುದಿಗೆ ಮುಟ್ಟಿಸಿದರು, ಲೆನ್ಸ್ ಹಿಡಿದು ನೋಡಿದರು, "ಆಹಾ" ಅಂದರು. ಆಮೇಲೆ ಆ ಎಳೆಯನ್ನೂ, ಕಣ್ಣಿಗೆ ಒತ್ತಿ ಹಿಡಿದಿದ್ದ ಲೆನ್ಸನ್ನೂ ನನ್ನ ಕೈಗೆ ಇಟ್ಟು, "ನೋಡಮ್ಮಾ, ಬಿಚ್ಕೊಳ್ತಾ ಇದೆ" ಅಂದರು. ಲೆನ್ಸ್ ನನ್ನದು. ಎಂಜಲು ಅವರದ್ದು.

"ಸರ್, ನನ್ನ ಹತ್ರ ನೀರಿದೆ."

"ಇರ್ಲಿ ಇರ್ಲಿ, ಕುಡಿಯೋಕೆ ಬೇಕಾಗುತ್ತೆ."

ಅದು ಕುಡಿಯೋ ನೀರಲ್ಲ ಅಂತ ಇದುವರೆಗೆ ಹನ್ನೆರಡು ಸಲ ಹೇಳಿದ್ದೇನೆ. ಮೊನ್ನೆ ಮರದ ತೊಗಟೆಯ ಮೇಲೆ ಫ್ರುಲಾನಿಯಾ ಸಿಕ್ಕಿತು, ಕೆಂಪು ಛಾಯೆಯ ಲಿವರ್‌ವರ್ಟ್. ಮರ ಕಡಿಯುವವರಿಗೆ ಅದರಿಂದ ಚರ್ಮದ ಅಲರ್ಜಿ ಬರುತ್ತೆ ಅನ್ನೋದು ದಾಖಲಾಗಿರೋ ವಿಷಯ. ಇವತ್ತಾದರೂ ಪಾಠ ಕಲಿಯುತ್ತಾರೆ ಅಂತ ಸುಮ್ನೆ ನೋಡುತ್ತಾ ನಿಂತೆ. (ಹೌದು, ಕೆಟ್ಟ ಬುದ್ಧಿ.) ಅವರ ನಾಲಿಗೆಗೆ ಏನೂ ಆಗಲಿಲ್ಲ. ಅದನ್ನು ಬರೀ ಬೆರಳಲ್ಲಿ ಮುಟ್ಟಿದ ನನಗೆ ರಾತ್ರಿಯೆಲ್ಲ ಕೈ ತುರಿಸಿತು.

ಒಂದು ಮಾತು ಮಾತ್ರ ಒಪ್ಪಲೇಬೇಕು. ಆ ಎಂಜಲಿನ ಎಳೆ ಲೆನ್ಸ್ ಕೆಳಗೆ ಬಿಚ್ಚಿಕೊಳ್ಳೋದು ನೋಡೋಕೆ ಚೆಂದ. ತಿರುಚಿಕೊಂಡ ಎಲೆ ಮೊದಲು ಒಮ್ಮೆ ನಡುಗುತ್ತೆ, ಆಮೇಲೆ ಬುಡದಿಂದ ನಿಧಾನಕ್ಕೆ ಹೊರಳಿ ಪಕ್ಕಕ್ಕೆ ಚಾಚುತ್ತೆ, ಕಂದು ಇದ್ದದ್ದು ಹಸಿರಾಗುತ್ತೆ. ಎಲೆ ಎಷ್ಟು ತೆಳು ಅಂದರೆ ಹೆಚ್ಚಿನವುಗಳಲ್ಲಿ ಒಂದೇ ಪದರ ಜೀವಕೋಶ. ಬೇರು ಅನ್ನೋದೇ ಇಲ್ಲ, ಮೈಯಿಂದಲೇ ನೀರು ಕುಡಿಯುತ್ತೆ. ಎಲ್ಲ ಒಂದು ನಿಮಿಷದೊಳಗೆ ಮುಗಿಯುತ್ತೆ. ಅಷ್ಟರಲ್ಲಿ ಸರ್ ಮುಂದಿನ ಕಲ್ಲಿನ ಹತ್ತಿರ ನಾಲಿಗೆ ಚಾಚಿರುತ್ತಾರೆ.

ಮಧ್ಯಾಹ್ನ ನಿಜವಾದ ನಿಧಿ ಸಿಕ್ಕಿತು. ಕಾಲುದಾರಿ ಪಕ್ಕದ ಬಂಡೆಯ ಬುಡದಲ್ಲಿ, ಅಂಗೈ ಅಗಲದ ಲಿವರ್‌ವರ್ಟ್ ಮಡಿ, ಅದೂ ಕ್ಯಾಪ್ಸೂಲ್ (ಬೀಜಕ ತುಂಬಿದ ಉಂಡೆ) ಸಮೇತ! ಗಾಜಿನಂಥ ಕಡ್ಡಿ, ತುದಿಯಲ್ಲಿ ಗುಂಡುಸೂಜಿ ತಲೆಗಿಂತ ಸಣ್ಣ ಕಪ್ಪು ಉಂಡೆ. ಮಾಸ್‌ನ ಕಡ್ಡಿ ವಾರಗಟ್ಟಲೆ ನಿಂತಿರುತ್ತೆ. ಇವು ಹಾಗಲ್ಲ, ಕಡ್ಡಿ ಸರಸರ ಬೆಳೆದು, ಉಂಡೆ ನಾಲ್ಕಾಗಿ ಸೀಳಿ ಬೀಜಕ ಚೆಲ್ಲಿ, ಕೆಲವೇ ದಿನದಲ್ಲಿ ಬಾಡಿ ಬೀಳುತ್ತೆ. ಸರಿಯಾದ ದಿನ ಹೋಗಿದ್ದರೆ ಕಂಡಿತು, ಇಲ್ಲದಿದ್ದರೆ ಇಲ್ಲ. ಸರ್ ಮಂಡಿ ಬಗ್ಗೋದಿಲ್ಲ, ಹಾಗಾಗಿ ಮಲಗೋ ಕೆಲಸ ನನ್ನದು. ಹೊಟ್ಟೆ ಮೇಲೆ ಮಲಗಿ, ಕೆನ್ನೆ ಬಂಡೆಗೆ ತಾಗಿಸಿ, 10ಎಕ್ಸ್ ಲೆನ್ಸ್ ಕಣ್ಣಿಗೆ ಹಚ್ಚಿಕೊಂಡು ಉಸಿರು ಬಿಗಿ ಹಿಡಿದೆ. ಸರ್ ಮೇಲೆ ನಿಂತು ಕೊಡೆ ಹಿಡಿದಿದ್ದರು. ನನಗಲ್ಲ, ಲಿವರ್‌ವರ್ಟ್‌ಗೆ.

ಅಷ್ಟರಲ್ಲಿ ಚಾರಣದವರು ಏಳೆಂಟು ಜನ ಬಂದರು.

"ಏನ್ ಕಳ್ಕೊಂಡ್ರಿ ಅಕ್ಕಾ?"

ನಾನು ಉಸಿರು ಬಿಡೋ ಹಾಗಿಲ್ಲ, ಬಿಟ್ಟರೆ ಲೆನ್ಸ್ ಮಬ್ಬಾಗುತ್ತೆ. ಸರ್ ಉತ್ತರ ಕೊಡಬಹುದಿತ್ತು. ಆದರೆ ಅವರ ಬಾಯಲ್ಲಿ ಆಗ ಮಾಸ್ ಇತ್ತು. ನಮ್ಮ ಮೌನ ನೋಡಿ ಅವರೇ ತೀರ್ಮಾನಕ್ಕೆ ಬಂದರು. ಉಂಗುರ ಅಂದ ಒಬ್ಬ. ಕಾಂಟ್ಯಾಕ್ಟ್ ಲೆನ್ಸ್ ಇರಬೇಕು ಅಂದಳು ಇನ್ನೊಬ್ಬಳು. ನೋಡನೋಡುತ್ತಿದ್ದಂತೆ ಎಲ್ಲರೂ ಬ್ಯಾಗ್ ಇಳಿಸಿ ಬಗ್ಗಿ ಹುಡುಕಲು ಶುರು ಮಾಡಿದರು. ಎಷ್ಟು ಒಳ್ಳೆ ಜನ ನೋಡಿ! ಕೈಮುಗಿದು ಬೇಡ ಅನ್ನೋಣ ಅಂತ ಏಳುವಷ್ಟರಲ್ಲಿ, ಹಿಂದೆ ಇದ್ದ ಹುಡುಗ ಕೈ ಮೇಲೆತ್ತಿ ಕೂಗಿದ:

"ಗುಂಡಿ! ಗುಂಡಿ!"

ಬೆಟ್ಟದಲ್ಲಿ ಮಂಜು, ದಾರಿ ಕಾಣಲ್ಲ, ಯಾರೋ ಗುಂಡಿ ಅಂತ ಕೂಗಿದರೆ ಬುದ್ಧಿ ಇರೋರು ಏನು ಮಾಡ್ತಾರೆ? ಹಿಂದಕ್ಕೆ ಹಾರುತ್ತಾರೆ. ಅವರೂ ಹಾರಿದರು. ಒಬ್ಬರ ಶೂ, ದೊಡ್ಡ ಸೈಜಿನದು, ತಳದಲ್ಲಿ ಆಳವಾದ ಗೀರುಗಳಿದ್ದದ್ದು, ನನ್ನ ಮೂಗಿನಿಂದ ಒಂದು ಗೇಣು ದೂರದಲ್ಲಿ ಬಂದು ಕೂತಿತು. ಗಾಜಿನ ಕಡ್ಡಿಗಳ ಮೇಲೆ.

ಹುಡುಗ ಹತ್ತಿರ ಬಂದು ಅಂಗೈ ಚಾಚಿದ. ಅಂಗಿ ಗುಂಡಿ. ನೀಲಿ ಬಣ್ಣದ್ದು. "ಇದೇ ಅಲ್ವಾ ಅಕ್ಕಾ?" ಅಂದ. ನೋಡಿಕೊಂಡೆ. ನನ್ನ ರೇನ್‌ಕೋಟಿನದೇ! ಬಂಡೆಗೆ ಉಜ್ಜಿ ಉದುರಿತ್ತು. ಏನೆನ್ನಲಿ? "ಹೌದಪ್ಪಾ, ಥ್ಯಾಂಕ್ಸ್" ಅಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಇಷ್ಟು ಕಷ್ಟಪಟ್ಟು ಹುಡುಕಿದ್ದು ಒಂದು ಗುಂಡಿಯನ್ನಾ ಅಂತ ಹಿಂದೆ ಗುಸುಗುಸು ಕೇಳಿಸಿತು. ಜಾಸ್ತಿ ಉರಿದದ್ದು ಅದಕ್ಕೆ.

ಅವರು ಹೋದ ಮೇಲೆ ಸರ್ ಬಾಯಿ ಖಾಲಿ ಮಾಡಿಕೊಂಡು, "ಪಾಪ, ಹೆಡ್ವಿಗ್‌ಗೂ ಹೀಗೇ ಆಯ್ತು" ಅಂದರು. ಮಾಸ್‌ಗಳ ಅಧ್ಯಯನ ಮಾಡಿದ ಯೋಹಾನ್ ಹೆಡ್ವಿಗ್ ತೀರಿಹೋಗಿದ್ದು 1799ರಲ್ಲಿ. ಅವರ ದೊಡ್ಡ ಪುಸ್ತಕ ಬಂದದ್ದು 1801ರಲ್ಲಿ, ನೋಡಲು ಅವರೇ ಇರಲಿಲ್ಲ. ಹೆಚ್ಚಿನ ಮಾಸ್‌ಗಳ ವೈಜ್ಞಾನಿಕ ಹೆಸರಿನ ಲೆಕ್ಕ ಶುರುವಾಗೋದು ಅಲ್ಲಿಂದ. ಅದಕ್ಕೂ ಶೂ ತುಳಿತಕ್ಕೂ ಏನು ಸಂಬಂಧ ಅಂತ ಕೇಳಲಿಲ್ಲ. ಸರ್ ಎಲ್ಲ ದುಃಖಕ್ಕೂ ಹೆಡ್ವಿಗ್‌ರನ್ನೇ ಕರೀತಾರೆ, ಪಕ್ಕದ ಮನೆಯವರ ಹಾಗೆ.

ವಾಪಸ್ ಇಳಿಯುವಾಗ ಒಂದು ಕಡೆ ಅವರು ತಾವಾಗಿ ನಿಂತರು. ನೀರು ಜಿನುಗುತ್ತಿದ್ದ ಗುರುತಿರೋ ಬಂಡೆ, ಈಗ ಒಣಗಿ ಬೆಳ್ಳಗಿತ್ತು. ಕಲ್ಲಿನ ಮೇಲೆ ಅಂಗೈ ಇಟ್ಟರು. "ಇಲ್ಲಿ ಸ್ಫ್ಯಾಗ್ನಮ್ ಮಾಸ್ ಇತ್ತಮ್ಮಾ. ಹಿಂಡಿದರೆ ಸ್ಪಂಜಿನ ಹಾಗೆ ನೀರು ಸುರೀತಿತ್ತು. ಆಗ ನಾನೂ ನಿನ್ನ ಹಾಗೇ ಮಲಗ್ತಿದ್ದೆ." ಸ್ವಲ್ಪ ಹೊತ್ತು ಕೈ ಹಾಗೇ ಇತ್ತು. ಆ ಕಲ್ಲಿನ ಹತ್ತಿರ ಅವರು ನಾಲಿಗೆ ಹೊರಗೆ ಹಾಕಲಿಲ್ಲ. ಒದ್ದೆ ಮಾಡಲು ಏನೂ ಇರಲಿಲ್ಲ.

ಇವತ್ತು ಬೆಳಗ್ಗೆ ಏಳಕ್ಕೇ ಅವರ ಫೋನ್.

"ಆ 27ನೇ ಪೊಟ್ಟಣ ನೋಡಿದ್ಯಾಮ್ಮಾ? ಕ್ಯಾಪ್ಸೂಲ್ ಇದೆಯಾ?"

27 ಯಾವುದು ಅಂತ ಆ ದೇವರಿಗೇ ಗೊತ್ತು. ‘ಕಲ್ಲಿನ’ ಅಂತ ಇದ್ದ ಪೊಟ್ಟಣ ಬಿಚ್ಚಿದೆ. ಎಳೆ ಒಣಗಿ ಮುದುರಿತ್ತು. ಸ್ಪ್ರೇ ಬಾಟಲಿ ಒಳಗೆ ರೂಮಿನಲ್ಲಿ ಎಲ್ಲೋ ಇದೆ, ಫೋನ್ ಭುಜಕ್ಕೂ ಕಿವಿಗೂ ನಡುವೆ ಇದೆ. ಮನೆಯಲ್ಲಿ ಯಾರೂ ಎದ್ದಿರಲಿಲ್ಲ.

"ಕ್ಯಾಪ್ಸೂಲ್ ಇಲ್ಲ ಸರ್."

"ಸರಿಯಾಗಿ ಒದ್ದೆ ಮಾಡಿ ನೋಡಿದ್ಯಾ?"

"ಮಾಡಿದೆ ಸರ್."

ಹೇಗೆ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಭಾನುವಾರ ಮತ್ತೆ ಹೋಗಬೇಕಂತೆ. ಪೆನ್ಸಿಲ್ ಎರಡು ತಗೊಂಡಿದ್ದೇನೆ, ಅವರದ್ದು ಇನ್ನೊಂದು ಕಿವಿ ಖಾಲಿ ಇದೆ ಅನ್ನೋದು ಆಮೇಲೆ ನೆನಪಾಯಿತು.