ವಿಂಟೇಜ್ ಅಲ್ಲ ಮೇಡಂ, ಹಳೇ ಗಾಡಿ ಅಷ್ಟೆ

ಡಿಸೆಂಬರ್‌ನಲ್ಲಿ ಅಪ್ಪನ ಪದ್ಮಿನಿ ಕಾರಿನ ಆರ್‌ಸಿ ಅವಧಿ ಮುಗಿಯುವುದಿತ್ತು. ಎಫ್‌ಸಿ ಮಾಡಿಸೋಕೆ ಆರ್‌ಟಿಓ ಆಫೀಸಿಗೆ ತಗೊಂಡು ಹೋಗಿದ್ದೆ. ಅಲ್ಲಿದ್ದ ನಾಲ್ಕೈದು ಜನ ಗಾಡಿ ಸುತ್ತ ಬಂದು ನಿಂತರು. ಒಬ್ಬರು ಮುಂದಿನ ಬಾಗಿಲಿನ ತ್ರಿಕೋನದ ಗಾಜನ್ನು ತೆರೆದು ಮುಚ್ಚಿ ನೋಡಿದರು, ಇನ್ನೊಬ್ಬರು ಸ್ಟೇರಿಂಗ್ ಪಕ್ಕದ ಗೇರ್ ಹಿಡಿದು "ನಮ್ಮ ಮಾವನ ಹತ್ರ ಇತ್ತು ಮೇಡಂ" ಅಂದರು. ಕೌಂಟರಿನಲ್ಲಿದ್ದ ಯುವಕ ಮಾತ್ರ ಕಂಪ್ಯೂಟರ್ ನೋಡುತ್ತಾ ಮೊತ್ತ ಹೇಳಿದ. ನವೀಕರಣ ಶುಲ್ಕ 10,000 ರೂಪಾಯಿ. ಹಸಿರು ತೆರಿಗೆ ಬೇರೆ.

2020ರಲ್ಲಿ ಇದೇ ಗಾಡಿಗೆ ಇದೇ ಶುಲ್ಕ 600 ರೂಪಾಯಿ ಇತ್ತು. ರಸೀದಿ ಇನ್ನೂ ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿದೆ. ಹಳೆಯ, ಇಟ್ಟುಕೊಳ್ಳಲೇಬೇಕಾದ ಗಾಡಿಗೆ ಏನಾದರೂ ರಿಯಾಯಿತಿ ಇದೆಯಾ ಅಂತ ಕೇಳಿದೆ. ಅವನು ಒರಟಾಗೇನೂ ಹೇಳಲಿಲ್ಲ, ಇದ್ದದ್ದನ್ನು ಹೇಳಿದ: "ಐವತ್ತು ವರ್ಷ ಆಗಿರಬೇಕು. ಇದು ವಿಂಟೇಜ್ ಅಲ್ಲ ಮೇಡಂ, ಹಳೇ ಗಾಡಿ ಅಷ್ಟೆ."

ಅವನ ತಪ್ಪಿಲ್ಲ, ನಿಯಮ ಹಾಗಿದೆ. ನಾನು ಬರೆಯಬೇಕಿರುವುದು ಆ ನಿಯಮದ ಬಗ್ಗೆ.

ಹಳೆಯ ಗಾಡಿಗಳಿಗೆ ನಮ್ಮ ದೇಶದಲ್ಲಿ ಪ್ರತ್ಯೇಕ ನಿಯಮ ಅಂತ ಬಂದದ್ದು 2021ರ ಜುಲೈನಲ್ಲಿ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 81ಎ ಇಂದ 81ಜಿ ವರೆಗಿನ ನಿಯಮಗಳನ್ನು ಸೇರಿಸಿದರು. ಮೊದಲ ನೋಂದಣಿಯಿಂದ ಐವತ್ತು ವರ್ಷ ದಾಟಿದ ದ್ವಿಚಕ್ರ, ನಾಲ್ಕು ಚಕ್ರದ ಗಾಡಿ ವಿಂಟೇಜ್. ಅದು ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಇಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸದಾಗಿ ನೋಂದಣಿಯಾಗುವ ಗಾಡಿಗೆ ರಾಜ್ಯದ ಅಕ್ಷರದ ಪಕ್ಕ 'ವಿಎ' ಅಂತ ಬರುವ ನಂಬರು. ಹಳೆಯ ನಂಬರು ಇದ್ದವರು ಅದನ್ನೇ ಉಳಿಸಿಕೊಳ್ಳಬಹುದು. ಇದನ್ನು ಬರೆದವರಿಗೆ ನಿಜವಾಗಿಯೂ ಕೈ ಮುಗಿಯಬೇಕು. ಎಂವೈ, ಎಂಇ, ಸಿಎ ಅಂತ ಶುರುವಾಗುವ ಕಪ್ಪು ಪ್ಲೇಟಿನ ನಂಬರುಗಳು ನಮ್ಮಲ್ಲಿ ಅನೇಕರಿಗೆ ಮನೆಯ ಫೋನ್ ನಂಬರಿಗಿಂತ ಚೆನ್ನಾಗಿ ನೆನಪಿವೆ.

ಶುಲ್ಕ ಮೊದಲ ಸಲ 20,000, ಅದು ಹತ್ತು ವರ್ಷಕ್ಕೆ. ಆಮೇಲೆ ಐದು ವರ್ಷಕ್ಕೊಮ್ಮೆ 5,000.

ಈಗ ಲೆಕ್ಕ ಹಾಕಿ. ಹದಿನೈದು ವರ್ಷ ದಾಟಿದ ಕಾರಿನ ನವೀಕರಣ 2022ರ ಏಪ್ರಿಲ್‌ನಲ್ಲಿ 600ರಿಂದ 5,000ಕ್ಕೆ ಹೋಯಿತು. 2025ರ ಆಗಸ್ಟ್‌ನಲ್ಲಿ ಇಪ್ಪತ್ತು ವರ್ಷ ದಾಟಿದವಕ್ಕೆ 10,000 ಮಾಡಿದರು. ಬೈಕಿಗೆ 2,000. ಹೊರದೇಶದಿಂದ ತರಿಸಿದ ಕಾರಾದರೆ 80,000. ಅಂದರೆ ವಿಂಟೇಜ್ ಪಟ್ಟಿಗೆ ಒಮ್ಮೆ ಸೇರಿಕೊಂಡ ರೋಲ್ಸ್ ರಾಯ್ಸ್, ಮೊದಲ ಹತ್ತು ವರ್ಷ ಕಳೆದ ಮೇಲೆ, ಐದು ವರ್ಷಕ್ಕೆ 5,000 ಕಟ್ಟಿದರೆ ಸಾಕು. ಹೈಸ್ಕೂಲ್ ಮೇಷ್ಟ್ರು ಸೆಕೆಂಡ್ ಹ್ಯಾಂಡ್ ತಗೊಂಡ ಪದ್ಮಿನಿ ಅದೇ ಐದು ವರ್ಷಕ್ಕೆ ಅದರ ಎರಡರಷ್ಟು ಕಟ್ಟಬೇಕು. ಇಪ್ಪತ್ತು ವರ್ಷ ದಾಟಿದ ಮೇಲೆ ಐವತ್ತು ಮುಟ್ಟುವವರೆಗೆ, ಮೂವತ್ತು ವರ್ಷ, ಕಾನೂನಿನ ಕಣ್ಣಲ್ಲಿ ಅದು ಗುಜರಿಗೆ ಹೋಗಲು ತಡ ಮಾಡುತ್ತಿರುವ ಗಾಡಿ. ಈ ಮೂವತ್ತು ವರ್ಷ ಯಾರು ಉಳಿಸಿಕೊಳ್ಳುತ್ತಾರೋ ಅವರ ಗಾಡಿ ಮಾತ್ರ ಮುಂದೆ ವಿಂಟೇಜ್ ಆಗಲು ಸಾಧ್ಯ. ಆ ಉಳಿಸಿಕೊಳ್ಳುವ ಕಾಲದಲ್ಲೇ ನಾವು ಹೆಚ್ಚು ದುಡ್ಡು ಕೇಳುತ್ತಿದ್ದೇವೆ.

ಐವತ್ತು ಅನ್ನುವ ಸಂಖ್ಯೆ ಯಾಕೆ ಅಂತ ನನಗೆ ಎಲ್ಲೂ ತೃಪ್ತಿಯಾಗುವ ಉತ್ತರ ಸಿಕ್ಕಿಲ್ಲ. ಹಳೆಯ ವಾಹನಗಳ ಕ್ಲಬ್ಬುಗಳ ಅಂತರರಾಷ್ಟ್ರೀಯ ಒಕ್ಕೂಟ ಎಫ್ಐವಿಎ ಮೂವತ್ತು ವರ್ಷಕ್ಕೆ ಒಂದು ಗಾಡಿಯನ್ನು ಐತಿಹಾಸಿಕ ಅನ್ನುತ್ತದೆ. ಜರ್ಮನಿಯಲ್ಲೂ ಮೂವತ್ತೇ. ಅಲ್ಲಿ ನಂಬರಿನ ಕೊನೆಗೆ 'ಎಚ್' ಅಕ್ಷರ ಸಿಗುತ್ತದೆ, ಕಾರಿನ ಇಂಜಿನ್ ಎಷ್ಟೇ ದೊಡ್ಡದಿರಲಿ ವರ್ಷಕ್ಕೆ ಸುಮಾರು 191 ಯೂರೋ ಒಂದೇ ತೆರಿಗೆ. ಬ್ರಿಟನ್ನಿನಲ್ಲಿ ನಲವತ್ತು ವರ್ಷವಾದರೆ ರಸ್ತೆ ತೆರಿಗೆಯೇ ಇಲ್ಲ.

ಅಮೆರಿಕದ ವರ್ಜೀನಿಯಾದಲ್ಲಿ ನನ್ನ ತಂಗಿ ಇದ್ದಾಳೆ. ಅಲ್ಲಿ ಮನೆಗೆ ಕಂದಾಯ ಕಟ್ಟುವ ಹಾಗೆ ಕಾರಿಗೂ ಪ್ರತಿ ವರ್ಷ ಆಸ್ತಿ ತೆರಿಗೆ ಕಟ್ಟಬೇಕು, ಕಾರಿನ ಬೆಲೆಯ ಮೇಲೆ. 1997ರಲ್ಲಿ ಜಿಮ್ ಗಿಲ್ಮೋರ್ 'ಕಾರ್ ತೆರಿಗೆ ಬೇಡ' ಅನ್ನುವ ಒಂದೇ ಘೋಷಣೆಯ ಮೇಲೆ ಗವರ್ನರ್ ಚುನಾವಣೆ ಗೆದ್ದರು, ಆದರೂ ಆ ತೆರಿಗೆ ಪೂರ್ತಿ ಹೋಗಲಿಲ್ಲ. ಅಂಥ ಕಡೆಯೂ ಇಪ್ಪತ್ತೈದು ವರ್ಷ ದಾಟಿದ ಕಾರಿಗೆ ಆಂಟಿಕ್ ಪ್ಲೇಟ್ ಕೊಡುತ್ತಾರೆ, ಅಂಥ ಕಾರಿಗೆ ತೆರಿಗೆ ಕಡಿಮೆ ಮಾಡುವ ಅಥವಾ ಪೂರ್ತಿ ಬಿಡುವ ಅಧಿಕಾರ ಕೌಂಟಿ ಅನ್ನುವ ಅಲ್ಲಿನ ಸ್ಥಳೀಯ ಆಡಳಿತಗಳಿಗೆ ಇದೆ. ಷರತ್ತು ಏನೆಂದರೆ ದಿನನಿತ್ಯ ಓಡಿಸೋಕೆ ನಿಮ್ಮ ಹತ್ತಿರ ಬೇರೆ ಗಾಡಿ ಇರಬೇಕು. ಆದರೆ ಈ ಹಳೇ ಕಾರಲ್ಲಿ ಅಪರೂಪಕ್ಕೊಮ್ಮೆ ಸುಮ್ಮನೆ ಸುತ್ತಾಡಿಕೊಂಡು ಬರಬಹುದು, ಮನೆಯಿಂದ 250 ಮೈಲಿಯೊಳಗೆ. ಸುಮ್ಮನೆ ಸುತ್ತಾಡುವುದು ಅನ್ನುವುದನ್ನೇ ಕಾನೂನಿನಲ್ಲಿ ಬರೆದಿದ್ದಾರೆ ಅಂತ ಅವಳು ಫೋನಿನಲ್ಲಿ ಹೇಳಿದಾಗ ನನಗೆ ಹೊಟ್ಟೆಕಿಚ್ಚಾಯಿತು.

ಯಾಕೆಂದರೆ ನಮ್ಮ ನಿಯಮದಲ್ಲಿ ನನಗೆ ಹೆಚ್ಚು ನೋವು ಕೊಡುವ ಭಾಗ ಶುಲ್ಕ ಅಲ್ಲ. ವಿಂಟೇಜ್ ನೋಂದಣಿಯಾದ ಗಾಡಿಯನ್ನು ಏತಕ್ಕೆ ರಸ್ತೆಗೆ ತರಬಹುದು ಅಂತ ಒಂದು ಪಟ್ಟಿ ಇದೆ. ಪ್ರದರ್ಶನಕ್ಕೆ ತರಬಹುದು, ರ‍್ಯಾಲಿಗೆ ತರಬಹುದು, ತಾಂತ್ರಿಕ ಸಂಶೋಧನೆಗೆ, ಪೆಟ್ರೋಲ್ ಹಾಕಿಸೋಕೆ, ರಿಪೇರಿಗೆ ತರಬಹುದು. ಅಷ್ಟೆ. ಅಮ್ಮನನ್ನು ದೇವಸ್ಥಾನಕ್ಕೆ ಕರೆದುಕೊಂಡು ಹೋಗುವುದು ಈ ಪಟ್ಟಿಯಲ್ಲಿ ಇಲ್ಲ. ಮದುವೆ ಇಲ್ಲ. ಆಯುಧಪೂಜೆಯ ದಿನ ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಬೀದಿ ತುದಿವರೆಗೆ ಹೋಗಿ ಬರುವುದೂ ಇಲ್ಲ.

ಇದರ ಜೊತೆ ಇನ್ನೊಂದು ಸಂಗತಿ ಇಟ್ಟು ನೋಡಿ. 2025ರ ಏಪ್ರಿಲ್‌ನಲ್ಲಿ ಬಾಂಬೆ ಹೈಕೋರ್ಟ್ ಒಂದು ಆದಾಯ ತೆರಿಗೆ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಒಬ್ಬರು 1931ರ ಫೋರ್ಡ್ ಕಾರನ್ನು 1983ರಲ್ಲಿ 20,000ಕ್ಕೆ ಕೊಂಡು, ಮುಂದೆ 21 ಲಕ್ಷಕ್ಕೆ ಮಾರಿದ್ದರು. ಸ್ವಂತ ಬಳಕೆಯ ವಸ್ತು ಮಾರಿದರೆ ಲಾಭದ ಮೇಲೆ ತೆರಿಗೆ ಇಲ್ಲ ಅನ್ನುವುದು ಅವರ ವಾದ. ಕಾರು ಸ್ವಂತ ಬಳಕೆಗೆ ಯೋಗ್ಯ ಅನ್ನುವುದು ಸಾಲದು, ನಿಜವಾಗಿ ಬಳಸಿದ್ದಕ್ಕೆ ಪುರಾವೆ ಬೇಕು, ಅದಿಲ್ಲ, ಆದ್ದರಿಂದ ತೆರಿಗೆ ಕಟ್ಟಬೇಕು ಅಂತ ಕೋರ್ಟ್ ಹೇಳಿತು. ಕೋರ್ಟಿನ ತರ್ಕದಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಆದರೆ ಇವತ್ತು ವಿಂಟೇಜ್ ನೋಂದಣಿ ಮಾಡಿಸಿದವನ ಸ್ಥಿತಿ ಯೋಚಿಸಿ. ಸಾರಿಗೆ ಇಲಾಖೆ ಬಳಸಬೇಡ ಅನ್ನುತ್ತದೆ. ನಾಳೆ ಮಾರಿದರೆ ಆದಾಯ ತೆರಿಗೆ ಇಲಾಖೆ ಯಾಕೆ ಬಳಸಲಿಲ್ಲ ಅಂತ ಕೇಳಬಹುದು. ಎರಡನ್ನೂ ಕೂರಿಸಿ ಮಾತಾಡಿಸುವವರು ಬೇಕು.

ನಮ್ಮ ಗಾಡಿಯ ವಿಷಯಕ್ಕೆ ಬರುತ್ತೇನೆ. 1980ರ ಡಿಸೆಂಬರ್‌ನಲ್ಲಿ ನೋಂದಣಿಯಾದದ್ದು. ಅಪ್ಪ ಮೇಷ್ಟ್ರಾಗಿದ್ದರು. 1986ರಲ್ಲಿ ಸಹೋದ್ಯೋಗಿಯೊಬ್ಬರಿಂದ ತಗೊಂಡರು, ಸೊಸೈಟಿ ಸಾಲ ಮಾಡಿ. 1089 ಸಿಸಿ ಇಂಜಿನ್, ಮುಂದೆ ಉದ್ದಕ್ಕೂ ಒಂದೇ ಸೀಟು, ಅದರಲ್ಲಿ ಅಪ್ಪ, ಅಮ್ಮ, ಮಧ್ಯದಲ್ಲಿ ನಾನು. ಚಳಿಗಾಲದ ಬೆಳಿಗ್ಗೆ ಚೋಕ್ ಎಳೆದು, ಸ್ವಲ್ಪ ಕಾಯಿಸಿ, ನಿಧಾನವಾಗಿ ಒಳಗೆ ತಳ್ಳಬೇಕು. ಅವಸರ ಮಾಡಿದರೆ ನಿಂತುಹೋಗುತ್ತದೆ. ನಾನು ಗಾಡಿ ಕಲಿತದ್ದೂ ಇದರಲ್ಲೇ. ಹೆಣ್ಣುಮಗಳಿಗೆ ಯಾಕೆ ಡ್ರೈವಿಂಗ್ ಅಂತ ಕೇಳಿದ ನೆಂಟರಿಗೆ ಅಪ್ಪ ಉತ್ತರ ಕೊಡಲಿಲ್ಲ, ಅವರನ್ನು ಬಸ್ ಸ್ಟ್ಯಾಂಡಿಗೆ ಬಿಟ್ಟು ಬಾ ಅಂತ ಕೀ ನನ್ನ ಕೈಗೆ ಕೊಟ್ಟರು.

ತೊಂಬತ್ತರ ದಶಕದಲ್ಲಿ ನಮ್ಮ ಬೀದಿಯಲ್ಲೇ ಎಷ್ಟೋ ಜನ ಅಂಬಾಸಡರ್‌ಗೆ, ಫಿಯೆಟ್‌ಗೆ ಡೀಸೆಲ್ ಇಂಜಿನ್ ಹಾಕಿಸಿಕೊಂಡರು. ಪೆಟ್ರೋಲ್ ಖರ್ಚು ತಡೆಯಲಾಗುತ್ತಿರಲಿಲ್ಲ. ಅಪ್ಪ ಹಾಕಿಸಲಿಲ್ಲ, ಅದಕ್ಕೂ ದುಡ್ಡಿರಲಿಲ್ಲ ಅನ್ನುವುದೂ ಒಂದು ಕಾರಣ. ಆದರೆ ತಳ ತುಕ್ಕು ಹಿಡಿದಿತ್ತು. 2004ರಲ್ಲಿ ಮೇಸ್ತ್ರಿ ನಾಲ್ಕು ವಾರ ಟಿಂಕರಿಂಗ್ ಮಾಡಿ ತಳದ ತಗಡು ಪೂರ್ತಿ ಹೊಸದಾಗಿ ವೆಲ್ಡ್ ಮಾಡಿದರು, ಎರಡು ಬಾಗಿಲಿನ ಕೆಳಭಾಗವನ್ನೂ ಕತ್ತರಿಸಿ ಹೊಸ ತಗಡು ಕೂರಿಸಿದರು. ಇಂಜಿನ್ ಎರಡು ಸಲ ಬೋರ್ ಆಗಿದೆ. ಇದು 'ದೊಡ್ಡ ಬದಲಾವಣೆ'ಯಾ? ನಿಯಮ ಓದಿದರೆ ಎರಡೂ ಅರ್ಥ ಬರುತ್ತದೆ, ಯಾವ ಅಧಿಕಾರಿ ಹೇಗೆ ಓದುತ್ತಾರೆ ಅನ್ನುವುದರ ಮೇಲೆ ನಿಂತಿದೆ. ನಮ್ಮ ಮಳೆ, ನಮ್ಮ ರಸ್ತೆಯಲ್ಲಿ ಐವತ್ತು ವರ್ಷ ಓಡಿದ ಗಾಡಿಗೆ ತಗಡು ಬದಲಾಗದೇ ಇರಬೇಕು ಅಂದರೆ ಅದು ಓಡಿರಲೇಬಾರದು. ಅರಮನೆಯ ಶೆಡ್ಡಿನಲ್ಲಿ ಬಟ್ಟೆ ಹೊದ್ದು ನಿಂತ ಗಾಡಿ ಮಾತ್ರ ಆ ಪರೀಕ್ಷೆಯಲ್ಲಿ ನಿರಾಯಾಸವಾಗಿ ಪಾಸಾಗುತ್ತದೆ.

ಹಾಗಂತ ದೊಡ್ಡವರ ಗಾಡಿಗಳ ಮೇಲೆ ನನಗೆ ಸಿಟ್ಟಿಲ್ಲ. ಧರ್ಮಸ್ಥಳದ ಕಾರ್ ಮ್ಯೂಸಿಯಂಗೆ, ಶ್ರೀರಂಗಪಟ್ಟಣದ ಹತ್ತಿರದ 'ಪಯಣ' ಕಾರ್ ಮ್ಯೂಸಿಯಂಗೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೇನೆ, ಮತ್ತೆ ಹೋಗುತ್ತೇನೆ. ಅಂಥವರು ಉಳಿಸದಿದ್ದರೆ ನಾವು ನೋಡುತ್ತಲೇ ಇರಲಿಲ್ಲ. ಆದರೆ ಸಾಮಾನ್ಯರ ಗಾಡಿಯನ್ನು ಉಳಿಸಬೇಕಾದವರು ಸಾಮಾನ್ಯರೇ. ನಮ್ಮೂರು ಮೈಸೂರಿನಲ್ಲೇ 1961ರಲ್ಲಿ ಐಡಿಯಲ್ ಜಾವಾ ಬೈಕ್ ಕಾರ್ಖಾನೆ ಶುರುವಾಯಿತು. ಮೊದಲು ಜಾವಾ, 1973ರಿಂದ ಯೆಜ್ಡಿ, 1996ರಲ್ಲಿ ಬಾಗಿಲು ಹಾಕಿತು. ಯಾದವಗಿರಿಯ ಆ ಕಾರ್ಖಾನೆಯಿಂದ ಸಂಬಳ ತಂದ ಮನೆಗಳು ಈ ಊರಲ್ಲಿ ಬೇಕಾದಷ್ಟಿವೆ. ಅಲ್ಲಿಂದ ಕೊನೆಗೆ ಹೊರಬಂದ ಯೆಜ್ಡಿ ರೋಡ್‌ಕಿಂಗ್ ವಿಂಟೇಜ್ ಆಗೋದು 2046ಕ್ಕೆ. ಅದನ್ನು ಜೋಡಿಸಿದ ಕೈಗಳು ಆಗ ಇರುತ್ತವಾ? ಪ್ರತಿ ಜುಲೈನ ಎರಡನೇ ಭಾನುವಾರ ಜಾವಾ ದಿನಕ್ಕೆ ಬರುವ ಹಿರಿಯರನ್ನು ನೋಡಿದಾಗೆಲ್ಲ ನನಗೆ ಇದೇ ಯೋಚನೆ. 1983ರ ಡಿಸೆಂಬರ್‌ನಲ್ಲಿ ಬಂದ ಮೊದಲ ಮಾರುತಿ 800 ಕೂಡ ಕಾನೂನಿನ ಪ್ರಕಾರ ಇನ್ನೂ ಬರೀ ಹಳೇ ಗಾಡಿ.

ಹೊಗೆಯ ಪ್ರಶ್ನೆ ಬರುತ್ತದೆ, ಬರಲೇಬೇಕು. ನನ್ನ ಪದ್ಮಿನಿ ಕಿಲೋಮೀಟರಿಗೆ ಇವತ್ತಿನ ಕಾರಿಗಿಂತ ಹೆಚ್ಚು ಹೊಗೆ ಬಿಡುತ್ತದೆ. ಅದರಲ್ಲಿ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲ, ಏರ್‌ಬ್ಯಾಗ್ ಇಲ್ಲ. ದಿನವೂ ಮಗನನ್ನು ಅದರಲ್ಲಿ ಸ್ಕೂಲಿಗೆ ಬಿಡುವುದು ಸರಿಯಲ್ಲ ಅಂತ ನನಗೂ ಗೊತ್ತು, ಬಿಡುವುದೂ ಇಲ್ಲ. ಹೋದ ವರ್ಷ ಅದು ಓಡಿದ್ದು 700 ಕಿಲೋಮೀಟರ್‌ಗಿಂತ ಕಡಿಮೆ. ದೆಹಲಿಯಲ್ಲಿ 2025ರ ಜುಲೈ 1ರಿಂದ ಹಳೇ ಗಾಡಿಗಳಿಗೆ ಬಂಕಿನಲ್ಲಿ ಪೆಟ್ರೋಲ್ ಕೊಡಬಾರದು ಅಂತ ಆದೇಶ ಮಾಡಿ, ಕೆಲವೇ ದಿನಕ್ಕೆ ತಡೆಹಿಡಿದರು. ವಯಸ್ಸನ್ನೇ ಅಳತೆಗೋಲು ಮಾಡಿಕೊಂಡರೆ ಹೀಗೇ ಆಗುವುದು. ದಿನಕ್ಕೆ ಇನ್ನೂರು ಕಿಲೋಮೀಟರ್ ಓಡುವ ಗಾಡಿಗೂ ತಿಂಗಳಿಗೆ ಎರಡು ಸಲ ಹೊರಬರುವ ಗಾಡಿಗೂ ಹುಟ್ಟಿದ ವರ್ಷ ಒಂದೇ ಇರಬಹುದು, ಹೊಗೆ ಒಂದೇ ಅಲ್ಲ.

ಹಾಗಾಗಿ ನನ್ನ ಮಾತು ಇಷ್ಟು. ಮೂವತ್ತು ವರ್ಷಕ್ಕೆ ಒಂದು ಮೆಟ್ಟಿಲು ಇಡಿ. ಅಲ್ಲಿಂದ ಗಾಡಿಯನ್ನು ಪರಂಪರೆಯ ವಾಹನ ಅಂತ ಕರೆಯಿರಿ, ಹೆಸರು ಏನಾದರೂ ಇರಲಿ. ವರ್ಷಕ್ಕೆ ಎರಡು ಸಾವಿರ ಕಿಲೋಮೀಟರ್ ಮಿತಿ ಹಾಕಿ. ಹೊಗೆ ತಪಾಸಣೆಗೆ ಹೇಗೂ ಹೋಗುತ್ತೇವೆ, ಅಲ್ಲೇ ಮೀಟರ್ ಓದಿ ಬರೆದುಕೊಳ್ಳಲಿ. ಮಿತಿ ದಾಟಿದವರಿಗೆ ಪೂರ್ತಿ ಶುಲ್ಕ ಹಾಕಿ, ನಾನು ತಕರಾರು ಮಾಡುವುದಿಲ್ಲ. ಬ್ರೇಕು, ಲೈಟು, ಸ್ಟೇರಿಂಗ್ ಈಗಿನದಕ್ಕಿಂತ ಕಟ್ಟುನಿಟ್ಟಾಗಿ ನೋಡಿ. ಆ ಮಿತಿಯೊಳಗೆ ಎಲ್ಲಿಗೆ ಹೋಗುತ್ತೇವೆ ಅನ್ನುವುದನ್ನು ನಮಗೆ ಬಿಡಿ. ತುಕ್ಕು ಹಿಡಿದ ತಗಡು ಬದಲಿಸುವುದು ದುರಸ್ತಿ, ಬದಲಾವಣೆ ಅಲ್ಲ ಅಂತ ಒಂದು ಸಾಲು ಸೇರಿಸಿ. ಶುಲ್ಕ ಬೇಡ ಅಂತ ನಾನು ಹೇಳುತ್ತಿಲ್ಲ, ರಸ್ತೆ ಎಲ್ಲರದ್ದು, ಕಟ್ಟೋಣ. ಬಿಡದೆ ಉಳಿಸಿಕೊಂಡವರಿಗೆ ದಂಡದ ಹಾಗೆ ಕಾಣಬಾರದು ಅಷ್ಟೆ.

ಹತ್ತು ಸಾವಿರ ಕಟ್ಟಿದೆ. ಗಾಡಿ ತಪಾಸಣೆಯಲ್ಲಿ ಪಾಸಾಯಿತು, ಹ್ಯಾಂಡ್‌ಬ್ರೇಕ್ ಮಾತ್ರ ಸ್ವಲ್ಪ ಬಿಗಿ ಮಾಡಿಸಿ ಅಂದರು. ಹೊಸ ಆರ್‌ಸಿ 2030ರ ಡಿಸೆಂಬರ್‌ವರೆಗೆ. ಅದೇ ತಿಂಗಳು ಗಾಡಿಗೆ ಐವತ್ತು ತುಂಬುತ್ತದೆ, ನಿಯಮ ಹೀಗೇ ಇದ್ದರೆ ಆಗ ವಿಂಟೇಜ್ ಅರ್ಜಿ ಹಾಕುವ ಅವಕಾಶ ನನಗೂ ಬರುತ್ತದೆ.

ಹಾಕುವುದಿಲ್ಲ ಅಂತ ಈಗಲೇ ತೀರ್ಮಾನ ಮಾಡಿದ್ದೇನೆ. ಅಮ್ಮನಿಗೆ ಎಂಬತ್ತೊಂದು. ಹೊಸ ಕಾರಿನ ಸೀಟಿಗೆ ಹತ್ತೋಕೆ ಅವರಿಗೆ ಮಂಡಿ ನೋವು, ಇದರಲ್ಲಿ ಮಾತ್ರ ಆರಾಮಾಗಿ ಕೂರುತ್ತಾರೆ, ಎಡಗಡೆ, ಕಿಟಕಿಯ ಪಕ್ಕ, ಮೊದಲಿನಿಂದ ಕೂರುತ್ತಿದ್ದ ಜಾಗದಲ್ಲೇ. ಸೋಮವಾರ ನಂಜನಗೂಡಿಗೆ ಹೋಗಬೇಕು ಅಂದಿದ್ದಾರೆ. ಬೆಳಿಗ್ಗೆ ಆರಕ್ಕೆ ಚೋಕ್ ಎಳೆಯಬೇಕು.