ಕೋವಿಗೆ ಒಳ್ಳೆಯ ಎಣ್ಣೆ, ಬಾಣಲೆಗೆ ಕೆಟ್ಟದ್ದು

ಕೊಡಗಿನ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತ ಹತ್ತಿರ ಬಂದರೆ ನಮ್ಮ ಮನೆಯಲ್ಲಿ ಅಗಸೆ ಎಣ್ಣೆಯ ಬಾಟಲಿ ಅಟ್ಟದಿಂದ ಇಳಿಯುತ್ತದೆ. ಕೋವಿಯ ಮರಕ್ಕೆ ಹಚ್ಚುವುದು ಅದನ್ನೇ. ಹಳೆ ಪಂಚೆಯ ಚೂರಿಗೆ ನಾಲ್ಕು ಹನಿ ಹಾಕಿ ತೆಳ್ಳಗೆ ಉಜ್ಜಬೇಕು. "ಜಾಸ್ತಿ ಹಾಕ್ಬೇಡ ಮಗಾ, ಅಂಟುತ್ತೆ" ಅಂತ ಅಜ್ಜ ಪ್ರತಿ ವರ್ಷ ಹೇಳುತ್ತಿದ್ದರು. ಕೆಲವು ದಿನಕ್ಕೆ ಒಣಗಿ ಗಟ್ಟಿ ಪದರವಾಗುತ್ತದೆ. ಅದೇ ಜಾಗಕ್ಕೆ ತೆಂಗಿನೆಣ್ಣೆ ಹಚ್ಚಿ ನೋಡಿ, ಸುಮ್ನೆ ಧೂಳು ಹಿಡಿಯುತ್ತದೆ ಅಷ್ಟೇ.

ಈ ಸಲ ಬಾಟಲಿಯ ಬಾಯಲ್ಲಿ ಎಣ್ಣೆ ಚರ್ಮದ ಹಾಗೆ ಗಟ್ಟಿಯಾಗಿತ್ತು. ಅಗಸೆ ಎಣ್ಣೆಯಲ್ಲಿ ಸುಮಾರು ಅರ್ಧದಷ್ಟು ಲಿನೊಲೆನಿಕ್ ಆಮ್ಲ ಎಂಬ ಕೊಬ್ಬಿನಾಮ್ಲ. ಅದರಲ್ಲಿ ಮೂರು ದ್ವಿಬಂಧಗಳಿವೆ, ಅಂದರೆ ಇಂಗಾಲದ ಪರಮಾಣುಗಳ ನಡುವೆ ಜೋಡಿ ಕೊಂಡಿಗಳು. ಗಾಳಿಯ ಆಮ್ಲಜನಕ ಹಿಡಿದು ಎಣ್ಣೆ ಗಟ್ಟಿಯಾಗುವುದು ಅವುಗಳಿಂದಲೇ. ಪೇಂಟ್‌ಗೆ, ವಾರ್ನಿಷ್‌ಗೆ, ಕೋವಿಗೆ ಈ ಗುಣ ಬೇಕು. ಅಡುಗೆಮನೆಗೆ ಬಂದರೆ ಇದೇ ಗುಣಕ್ಕೆ ಕಮಟು ವಾಸನೆ ಅಂತ ಹೆಸರು.

ಆಸ್ಟ್ರೇಲಿಯಾದ ಸರ್ಕಾರಿ ವಿಜ್ಞಾನ ಸಂಸ್ಥೆ ಸಿಎಸ್‌ಐಆರ್‌ಒದಲ್ಲಿ ಅಲನ್ ಗ್ರೀನ್ ಎಂಬ ವಿಜ್ಞಾನಿ 1980ರ ದಶಕದಲ್ಲಿ ಈ ಗುಣವನ್ನೇ ತೆಗೆದರು. ಅಗಸೆ ಬೀಜಕ್ಕೆ ಇಎಂಎಸ್ ಎಂಬ, ವಂಶವಾಹಿಗಳನ್ನು ಬದಲಿಸುವ ರಾಸಾಯನಿಕ ಕೊಟ್ಟು, ಮುಂದಿನ ಪೀಳಿಗೆಗಳಲ್ಲಿ ಹುಡುಕಿದರು. ಲಿನೊಲೆನಿಕ್ ಕಮ್ಮಿಯಾದ ಎರಡು ಬೇರೆ ಬೇರೆ ಗಿಡ ಸಿಕ್ಕವು. ಎರಡನ್ನೂ ಕೂಡಿಸಿದಾಗ ಅದು ಶೇಕಡಾ 2ರ ಆಸುಪಾಸಿಗೆ ಇಳಿಯಿತು. ಅದೇ ಲಿನೋಲಾ, ಅಡುಗೆಗೆ ಆಗುವ ಅಗಸೆ.

ಇಂಥ ಕೆಲಸದಲ್ಲಿ ನನಗೆ ತುಂಬಾ ಹಿಡಿಸಿದ್ದು ಅರ್ಧ ಬೀಜದ ಉಪಾಯ. ಮೊಳಕೆಯ ಕಡೆಗೆ ಪೆಟ್ಟಾಗದಂತೆ ಬೀಜದ ಒಂದು ಚೂರು ಕತ್ತರಿಸಿ ಎಣ್ಣೆ ಪರೀಕ್ಷೆ ಮಾಡುತ್ತಾರೆ. ಗುಣ ಚೆನ್ನಾಗಿದ್ದರೆ ಉಳಿದರ್ಧವನ್ನು ನೆಡುತ್ತಾರೆ. ಹೊಲ ತುಂಬಾ ಬಿತ್ತಿ ಕಾಯಬೇಕಾಗಿಲ್ಲ, ಜಾಣತನ ಅಲ್ವಾ?

ಇದನ್ನು ನಮ್ಮ ಕುಟುಂಬದ ವಾಟ್ಸಾಪ್ ಗುಂಪಲ್ಲಿ ಹೇಳಿದೆ. "ರೇಡಿಯೇಷನ್ ಬೀಜ ತಿಂದ್ರೆ ಕ್ಯಾನ್ಸರ್" ಅಂತ ಒಬ್ಬ ಮಾವ ಬರೆದರು. ಮಾವ, ಲಿನೋಲಾಕ್ಕೆ ವಿಕಿರಣ ಕೊಟ್ಟೇ ಇಲ್ಲ. ಕೊಟ್ಟ ತಳಿಗಳಲ್ಲೂ ನಾವು ತಿನ್ನುವುದು ಎಷ್ಟೋ ಪೀಳಿಗೆ ದಾಟಿದ ಬೀಜ, ಅದರಲ್ಲಿ ವಿಕಿರಣ ಕೂತಿರುವುದಿಲ್ಲ. ನಮ್ಮ ಟಿಎಜಿ-24 ಶೇಂಗಾ ಕೂಡ ಮುಂಬೈನ ಟ್ರಾಂಬೆಯ ಪರಮಾಣು ಸಂಶೋಧನಾ ಕೇಂದ್ರದಲ್ಲಿ ಎಕ್ಸ್-ರೇ ಕೊಟ್ಟು ಗುಣ ಬದಲಿಸಿದ ಗಿಡಗಳ ವಂಶದ್ದೇ. ಸಂಜೆ ಅದನ್ನೇ ಹುರಿದು ತಿಂದಿರಬಹುದು ನೀವು.

ನನ್ನ ತಕರಾರು ಬೇರೆಯದು. ವಿಜ್ಞಾನಿಗಳು ಕಷ್ಟಪಟ್ಟು ತೆಗೆದ ಆ ಲಿನೊಲೆನಿಕ್ಕೇ ಇವತ್ತು ಆರೋಗ್ಯಕ್ಕೆ ಒಳ್ಳೆಯದು ಅನ್ನುವ ಒಮೆಗಾ-3. ನನ್ನ ತಂಗಿ ಬೆಳಿಗ್ಗೆ ಅಗಸೆ ಪುಡಿ ತಿನ್ನುವುದು ಅದಕ್ಕೇ. ಅವಳಿಗೆ ಲಿನೋಲಾ ಕೊಟ್ಟರೆ ದುಡ್ಡು ದಂಡ. ಹಾಗಾಗಿ "ಉತ್ತಮ ಎಣ್ಣೆ ತಳಿ" ಅಂತ ಯಾರಾದರೂ ಹೇಳಿದರೆ, ಯಾವ ಕೆಲಸಕ್ಕೆ ಅಂತ ಕೇಳಬೇಕು. ಜೊತೆಗೆ, ಎರಡು ಬಗೆಯ ಬೀಜವೂ ಬೇರೆ ಬೇರೆಯಾಗಿ ಗುರುತು ಸಿಗಬೇಕು. ಲಿನೋಲಾ ಬೀಜವನ್ನು ಹಳದಿ ಮಾಡಿದ್ದು ಕಂದು ಅಗಸೆಯ ಜೊತೆ ಬೆರೆಯಬಾರದು ಅಂತ. ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿ ಜೊತೆ ಇಡೀ ಹಣ್ಣು ಒಣಗಿಸಿದ ಚೆರಿ ಬೆರೆಸಿ ಮಾರಿದರೆ ಏನಾಗುತ್ತದೆ ಅಂತ ನಮ್ಮ ಕಾಫಿ ಬೆಳೆಗಾರರಿಗೆ ಹೇಳಿಕೊಡಬೇಕಾ? ಚೀಲದ ಮೇಲೆ ಇಳುವರಿ ಮಾತ್ರ ಬರೆದು ಎಣ್ಣೆಯ ಗುಣ ಬರೆಯದಿದ್ದರೆ ರೈತನಿಗೆ ಒಂದು ರೂಪಾಯಿ ಜಾಸ್ತಿ ಸಿಗುವುದಿಲ್ಲ.

ಅಂದಹಾಗೆ, ಕೋವಿ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಕಾವು ಹುಟ್ಟುತ್ತದೆ, ಮುದ್ದೆಯೊಳಗೆ ತಾನಾಗೇ ಹೊತ್ತಿಕೊಳ್ಳಬಹುದು. ನಾವು ಅಂಗಳದ ತಂತಿ ಮೇಲೆ ಬಿಡಿಸಿ ಹಾಕುತ್ತೇವೆ.